ಕಾಶವ್ವನ ಕಟ್ಟೆ ಸರಿದ ಬಗೆ

ಕಾಶವ್ವನ ಕಟ್ಟೆ ಸರಿದುಹೋದ ಸಂಗತಿಯನ್ನು ನಾನು ಮೂವರ ಬಾಯಿಂದ ಕೇಳಿದ್ದೇನೆ. ಒಬ್ಬಳು ಕಾಶವ್ವನೇ. ಇನ್ನೊಬ್ಬ, ಆ ಕಟ್ಟೆಯನ್ನು ಕಟ್ಟಿದ ಮೌನಪ್ಪ. ಮೂರನೆಯವಳು ಕಾಶವ್ವನ ತಮ್ಮ ಬಾಳಪ್ಪನ ಹೆಂಡತಿ ನೀಲವ್ವ. ಕೆಲವು ಭಾಗವನ್ನು ನಾನೇ ಕಣ್ಣಾರೆ ಕಂಡೆ. ಹೇಳಲು ಸಂಕೋಚವಾಗುತ್ತದೆ, ಒಂದು ಕಡೆ ನನ್ನ ಕೈಯೂ ಸೇರಿತು. ಕತೆ ಬರೆದುಕೊಳ್ಳುವವನು ಕತೆಯೊಳಗೆ ಕಾಲಿಡಬಾರದೆಂದು ಮೂವತ್ತು ವರ್ಷ ಪಾಲಿಸಿಕೊಂಡು ಬಂದ ನೇಮ ಆ ಊರಿನಲ್ಲಿ ಮುರಿಯಿತು. ಮೂವರ ಮಾತು ಒಂದಕ್ಕೊಂದು ಕೂಡದ ಕಡೆಗಳಲ್ಲಿ ಕಾಶವ್ವನ ಮಾತನ್ನೇ ಉಳಿಸಿಕೊಂಡಿದ್ದೇನೆ. ಕಳೆದುಕೊಂಡವಳು ಅವಳು.

ನಾನು ಅಲ್ಲಿಗೆ ಹೋದದ್ದು ಬೀಸುವ ಕಲ್ಲಿನ ಹಾಡುಗಳನ್ನು ಬರೆದುಕೊಳ್ಳಲು. ಊರಿಗೆ ಹಿಟ್ಟಿನ ಗಿರಣಿ ಬಂದು ಬಹಳ ದಿನವಾಗಿತ್ತು. ಹಾಡು ಬಲ್ಲವರು ಇಬ್ಬರೇ ಉಳಿದಿದ್ದರು, ಅವರಲ್ಲೊಬ್ಬಳಿಗೆ ಕಿವಿ ಕೇಳಿಸುತ್ತಿರಲಿಲ್ಲ. ಮೂರು ದಿನಕ್ಕೆ ಮುಗಿಯಬೇಕಾದ ಕೆಲಸ. ಆದರೆ ಛತ್ರದ ಪಕ್ಕದ ಓಣಿಯಲ್ಲಿ, ಯಾವ ಮನೆಗೂ ಸೇರದೆ, ದಾರಿಯ ನಟ್ಟನಡುವೆ ಒಂದು ಕಲ್ಲಿನ ಕಟ್ಟೆ ನಿಂತಿತ್ತು. ಗಾಡಿಯವರು ಅದನ್ನು ಬಳಸಿಕೊಂಡು ಹೋಗುತ್ತಿದ್ದರು. ಯಾಕೆ ಇಲ್ಲಿ ಕಟ್ಟಿದ್ದಾರೆ ಎಂದು ಒಬ್ಬ ಮುದುಕನನ್ನು ಕೇಳಿದೆ. "ಇಲ್ಲಿ ಯಾರೂ ಕಟ್ಟಿಲ್ಲರಿ. ಅದು ಹೊಂಟೈತಿ" ಎಂದ. ಮರುದಿನ ನೋಡಿದಾಗ ಕಟ್ಟೆ ಓಣಿಯ ತಿರುವಿನಲ್ಲಿತ್ತು. ನಾನು ಛತ್ರದ ಕೋಣೆಯನ್ನು ಎರಡು ತಿಂಗಳಿಗೆ ಹಿಡಿದೆ.

ಆ ಊರಿನ ಮನೆಗಳು ತಮ್ಮ ಹೊರಗೆ ಸೇರಿಸಿದ್ದನ್ನೆಲ್ಲ ಒಪ್ಪುವುದಿಲ್ಲ. ಕಟ್ಟೆ, ಪಡಸಾಲೆ, ಚಪ್ಪರ, ಕೊನೆಗೆ ಬಾಗಿಲ ಮುಂದಿನ ಒಂದು ಮೆಟ್ಟಿಲಾದರೂ ಸರಿ, ಮನೆಗೆ ಒಗ್ಗಿದರೆ ನಿಲ್ಲುತ್ತದೆ, ಒಗ್ಗದಿದ್ದರೆ ಬಿಟ್ಟು ಸರಿಯುತ್ತದೆ. ಸರಿಯುವುದನ್ನು ಯಾರೂ ಕಂಡಿಲ್ಲ. ನೆರಳಿನ ಹಾಗೆ, ಸರಿದಿರುವುದನ್ನು ಮಾತ್ರ ಕಾಣಬಹುದು. "ಮೊದಲ ಕೂದಲ, ಆಮ್ಯಾಗ ನೂಲ, ಆಮ್ಯಾಗ ಬೆರಳ, ಆಮ್ಯಾಗ ಬಾಗಿಲ" ಎಂಬುದು ಅಲ್ಲಿಯ ಗಾದೆ. ಸಂದು ಬಾಗಿಲಿನಷ್ಟು ಅಗಲವಾದ ಮೇಲೆ ಅದು ಯಾರದೂ ಅಲ್ಲ, ಬೀದಿ ಹಿಡಿಯುತ್ತದೆ. ಊರಿನ ಓಣಿಗಳು ಅಷ್ಟು ಅಗಲವಾಗಿರುವುದು ಇದಕ್ಕಾಗಿಯೇ. ಹೆಣ್ಣು ನೋಡಲು ಬಂದವರು ಒಳಗೆ ಕಾಲಿಡುವ ಮೊದಲು ಕಟ್ಟೆಗೂ ಗೋಡೆಗೂ ನಡುವೆ ಒಂದು ವೀಳ್ಯದೆಲೆ ತೂರಿಸಿ ನೋಡುತ್ತಾರೆ. ಎಲೆ ಹಾಯದಿದ್ದರೆ ಚಹಾ ಕುಡಿಯುತ್ತಾರೆ.

ಒಗ್ಗದ ಕಟ್ಟೆಯನ್ನು ನಿಲ್ಲಿಸಲು ಒಂದೇ ಉಪಾಯ: ಅದರ ಮೇಲೆ ಯಾರಾದರೂ ಕೂತಿರಬೇಕು. ಮೈಭಾರ ಇರುವ ತನಕ ಅದು ಕದಲುವುದಿಲ್ಲ. ಹಾಗೆ ಹಿಡಿದು ಕೂತವರನ್ನು ಗುರುತಿಸುವುದು ಸುಲಭವೆಂದು ಛತ್ರದ ಅಡುಗೆಯವನು ಹೇಳಿಕೊಟ್ಟ. ಅವರು ಕಾಲು ಇಳಿಬಿಡುವುದಿಲ್ಲ. ಚಕ್ಕಳಮಕ್ಕಳ ಹಾಕಿ, ಒಂದು ಅಂಗೈಯನ್ನು ಕಲ್ಲಿನ ಅಂಚಿಗೆ ಊರಿಕೊಂಡು ಕೂರುತ್ತಾರೆ.

ಸರಿದುಹೋದವು ಸೇರುವುದು ಊರಾಚೆಯ ಕಟ್ಟೆಬಯಲಿನಲ್ಲಿ. ಓಣಿಯಲ್ಲಿ ಕಂಡದ್ದೂ ಅಲ್ಲಿಗೆ ಬಂದು ಸೇರಿದ ಮೇಲೆ ನಾನು ಎಣಿಸಿದಾಗ ಅರವತ್ತೊಂದು ಇದ್ದವು. ಕೆಲವು ಬರಿಯ ಕಲ್ಲಿನ ಹಾಸು, ಕೆಲವಕ್ಕೆ ಕಂಬ ಚಾವಣಿಗಳಿದ್ದವು, ಒಂದು ಪಡಸಾಲೆಯ ಗೂಡಿನಲ್ಲಿ ಎಣ್ಣೆಯ ಕಲೆ ಇನ್ನೂ ಹಾಗೇ ಇತ್ತು. ಅವು ಒಂದೊಂದು ಒಂದೊಂದು ದಿಕ್ಕಿಗೆ ಮುಖ ಮಾಡಿದ್ದವು. ಯಾವುದೂ ಇನ್ನೊಂದನ್ನು ಮುಟ್ಟುತ್ತಿರಲಿಲ್ಲ; ಪ್ರತಿಯೊಂದೂ ತನ್ನದೇ ಬಗೆಯಲ್ಲಿ ತಪ್ಪಿದ್ದು, ಪಕ್ಕದ್ದರ ತಪ್ಪಿಗೆ ಅದು ಕೂಡುವಂತಿರಲಿಲ್ಲ. ಸಂಜೆ ನಾನು ಅಲ್ಲಿಗೆ ಹೋಗಿ, ಅವತ್ತಿಗೆ ಮನಸ್ಸು ಬಂದ ಕಟ್ಟೆಯ ಮೇಲೆ ಕೂತು ದಿನದ ಟಿಪ್ಪಣಿ ತಿದ್ದುತ್ತಿದ್ದೆ. ಇಷ್ಟು ಕೂರುವ ಜಾಗ, ಕೂತವನು ನಾನೊಬ್ಬನೇ. ಮಾತಾಡಿಸಲು ಬೆನ್ನ ಹಿಂದೆ ಒಂದು ಕಿಟಕಿಯೂ ಇರುತ್ತಿರಲಿಲ್ಲ.

ಕಾಶವ್ವ ಛತ್ರಕ್ಕೆ ಬಂದದ್ದು ನಾನು ಬಂದ ಎಂಟನೆಯ ದಿನ. ಅರವತ್ತು ವರ್ಷದ, ಗಟ್ಟಿ ಮೈಕಟ್ಟಿನ ಹೆಂಗಸು, ಕೈತುಂಬ ಹಳೆಯ ಸುಟ್ಟ ಕಲೆಗಳು. ಮೂವತ್ತೊಂದು ವರ್ಷ ದೂರದ ಪಟ್ಟಣದಲ್ಲಿ ಹುಡುಗಿಯರ ವಸತಿನಿಲಯವೊಂದರ ಅಡುಗೆಮನೆ ನೋಡಿಕೊಂಡಿದ್ದಳು. ಮದುವೆಯಾಗಿರಲಿಲ್ಲ. ಅವಳು ಹುಟ್ಟಿದ ಮನೆ ಛತ್ರದಿಂದ ಕೂಗಳತೆಯಲ್ಲಿತ್ತು. ಅಲ್ಲಿ ತಮ್ಮ ಬಾಳಪ್ಪ ಮತ್ತು ಅವನ ಹೆಂಡತಿ ಇದ್ದರು. ಆದರೂ ಆಕೆ ಛತ್ರದಲ್ಲಿ ಗಂಟು ಇಳಿಸಿದಳು. ಹನ್ನೆರಡು ವರ್ಷಕ್ಕಿಂತ ಹೆಚ್ಚು ಹೊರಗಿದ್ದು ಬಂದವರು ನೇರವಾಗಿ ಒಳಗೆ ಹೋಗುವಂತಿಲ್ಲ. ಅವರ ಹೆಸರಿನಲ್ಲಿ ಮನೆಗೆ ಹೊಂದಿಸಿ ಒಂದು ಕಟ್ಟೆ ಕಟ್ಟಿಸಬೇಕು. ನಲವತ್ತೆಂಟು ದಿನ ಅದರ ಮೇಲೆ ಯಾರೂ ಕೂರಬಾರದು. ಅಷ್ಟೂ ದಿನ ಅದು ನಿಂತರೆ ಮನೆ ಅವರನ್ನು ಮರಳಿ ತನ್ನವರೆಂದು ಒಪ್ಪಿದಂತೆ. ಸರಿದರೆ ಯಾರೂ ಏನೂ ಅನ್ನುವುದಿಲ್ಲ. ಹಬ್ಬಕ್ಕೆ ಕರೆಯುತ್ತಾರೆ, ಎಲೆ ಹಾಕುತ್ತಾರೆ, ಊಟವಾದ ಮೇಲೆ ಛತ್ರದ ತನಕ ಬಿಟ್ಟು ಬರುತ್ತಾರೆ. ಒಂದು ಮನೆಗೆ ಒಬ್ಬರು ಒಂದೇ ಸಲ ಕೇಳಬಹುದು.

"ಮೂವತ್ತೊಂದು ವರ್ಷ ಮಂದಿ ಮಕ್ಕಳಿಗೆ ಬಡಿಸೀನಿ ಮಾಸ್ತರ" ಎಂದಳು, ನನ್ನ ಕೈಯಲ್ಲಿ ಪುಸ್ತಕ ಕಂಡು ಇಟ್ಟ ಹೆಸರು ಅದು. "ಒಂದು ದಿನಾನೂ ಯಾರೂ ನೀ ಉಂಡಿ ಏನು ಅಂತ ಕೇಳಲಿಲ್ಲ. ಕೇಳೂದು ಅವರ ಕೆಲಸ ಅಲ್ಲ ಬಿಡ್ರಿ. ಕೇಳೂದು ಮನಿಯವರ ಕೆಲಸ."

ಮೌನಪ್ಪನನ್ನು ನಾನು ಮೊದಲು ಕಂಡದ್ದು ಬಾಳಪ್ಪನ ಮನೆಯ ಎದುರಿನ ಬೇವಿನ ಮರದ ಕೆಳಗೆ. ಕಟ್ಟೆಗಳನ್ನು ಹೊಂದಿಸಿ ಕಟ್ಟುವುದು ಅವನ ವಂಶದ ಕೆಲಸ. ಹೆಸರಿನಲ್ಲಿದ್ದ ಮೌನ ಬಾಯಿಯಲ್ಲಿರಲಿಲ್ಲ. ಮೂರು ದಿನ ಅವನು ಕಲ್ಲು ಮುಟ್ಟದೆ ಆ ಮನೆಯನ್ನು ನೋಡುತ್ತ ಕೂತಿದ್ದ.

"ಏನು ನೋಡ್ತಾ ಇದ್ದೀರಿ?" ಎಂದು ಕೇಳಿದೆ.

"ಮನಿಗೆ ಎಲ್ಲಿ ಕೂಡಬೇಕು ಅನಸ್ತೈತಿ ಅಂತ ನೋಡಾಕತ್ತೀನಿರಿ. ಕಟ್ಟಿ ಅಂದ್ರ ಏನು? ಮನಿ ಹೊರಗ ಬಂದು ಕೂಡೂದು. ನಮಗ ಬೇಕಾದಲ್ಲಿ ಕಟ್ಟಿದ್ರ ಅದು ನಮ್ಮ ಕಟ್ಟಿ ಆಗ್ತೈತಿ, ಮನಿ ಕಟ್ಟಿ ಆಗೂದಿಲ್ಲ." ಅವನು ಬೆರಳು ತೋರಿಸಿದ. "ಆ ನಾಯಿ ನೋಡ್ರಿ. ಮುಂಜಾನಿ ಅಲ್ಲಿ ಮಲಗಿತ್ತು, ಈಗ ಬಡಗಣ ಗ್ವಾಡಿಗೆ ಬಂದೈತಿ. ಕೋಳಿನೂ ಅಲ್ಲೇ ಬರ್ತಾವ. ನಾಯಿ ಕೋಳಿ ಜಗಳಾಡದಂಗ ಎಲ್ಲಿ ಕೂಡ್ತಾವೋ ಅಲ್ಲಿ ಮನಿ ನೆರಳು ಚಲೋ ಐತಿ ಅಂತ ಅರ್ಥ."

ಹೀಗೆ ಬಡಗಣ ಗೋಡೆ ನಿಶ್ಚಯವಾಯಿತು. ಆ ಮನೆಯ ಕಲ್ಲು ಬೂದು ಬಣ್ಣದ್ದು, ನಡುವೆ ನೇರಳೆ ಗೆರೆ. ಅಂಥ ಕಲ್ಲಿನ ಗಣಿಯಲ್ಲಿ ಈಗ ನೀರು ನಿಂತಿದೆ. ಗಣಿಯ ದಂಡೆಯಲ್ಲಿ ಹಿಂದೆ ಎಂದೋ ಎಬ್ಬಿಸಿಟ್ಟು ಮರೆತಿದ್ದ ಒಂಬತ್ತು ಚಪ್ಪಡಿ ಸಿಕ್ಕಿದವು. ಅವೇ ಕೊನೆಯವು. ಗಾರೆಗೆ ಅಳಲೆಕಾಯಿ ನೀರು, ಬೆಲ್ಲ ಬೆರೆಸಿ ವಾರಗಟ್ಟಲೆ ಅರೆದರು. ಹೊಸ ಸುಣ್ಣ ಹಳೆಯ ಗೋಡೆಯ ಪಕ್ಕ ಕಣ್ಣಿಗೆ ಹೊಡೆಯಬಾರದೆಂದು ಮೌನಪ್ಪ ಆ ಮನೆಯದೇ ಒಲೆಯ ಬೂದಿ ತಂದು ಕಲಸಿದ. ಹೊಸಿಲಿನ ಕಲ್ಲು ಎಷ್ಟು ಸವೆದಿತ್ತೋ ಕಟ್ಟೆಯ ಅಂಚನ್ನೂ ಅಷ್ಟೇ ದುಂಡಗೆ ಉಜ್ಜಿದ. ನೆರಳಿಗೆ ನಿಲ್ಲಿಸಿದ ಎರಡು ಕಂಬಗಳಿಗೆ ಬಾಗಿಲವಾಡದ ಮೇಲಿದ್ದ ಆರೆಸಳಿನ ಹೂವನ್ನೇ ಕೆತ್ತಿದ. ಆ ಹೂವಿನ ಒಂದು ಎಸಳು ಮುರಿದಿತ್ತಾದ್ದರಿಂದ ಇಲ್ಲಿಯೂ ಒಂದನ್ನು ಮುರಿದ.

ಅಳತೆಯ ವಿಷಯವನ್ನು ಇಲ್ಲಿ ಬಿಡಿಸಿ ಹೇಳಬೇಕು. ಆ ಊರಿನಲ್ಲಿ ಪ್ರತಿ ಮನೆಗೂ ಒಂದು ಮನೆಗೋಲು ಇರುತ್ತದೆ. ನಾಲ್ಕು ಮೊಳ ಉದ್ದದ ಮರದ ಕೋಲು. ಮನೆಯ ಗೋಡೆ, ಬಾಗಿಲು, ಕಂಬ ಎಲ್ಲವನ್ನೂ ಮೊದಲು ಕಟ್ಟಿದಾಗ ಅಳೆದದ್ದು ಅದರಿಂದಲೇ. ಆಮೇಲೆ ಏನು ಸೇರಿಸಿದರೂ ಅದರಲ್ಲೇ ಅಳೆಯಬೇಕು. ಉಳಿದ ದಿನಗಳಲ್ಲಿ ಅದು ಹಳದಿ ಬಟ್ಟೆಯಲ್ಲಿ ಸುತ್ತಿಕೊಂಡು ದೇವರ ಮಾಡದಲ್ಲಿರುತ್ತದೆ. ವರ್ಷಕ್ಕೊಮ್ಮೆ ಎರಡೂ ತುದಿಗೆ ಅರಿಸಿನ ಕುಂಕುಮ ಮೆತ್ತುತ್ತಾರೆ. ಕೋಲನ್ನು ಗೋಡೆಗೆ ಹಿಡಿದು ಪರೀಕ್ಷಿಸುವವರು ಯಾರೂ ಇಲ್ಲ. ಅದು ಹೆತ್ತವಳನ್ನು ನೀನು ನಿಜವಾಗಿ ಹೆತ್ತಿದ್ದೀಯಾ ಎಂದು ಕೇಳಿದಂತೆ.

ಕೋಲನ್ನು ತಂದುಕೊಟ್ಟವಳು ನೀಲವ್ವ. ಬಾಳಪ್ಪ ಎದ್ದು ಬರಲಿಲ್ಲ. ಅವನು ಮನೆಯ ಮುಂಭಾಗದ ಪಡಸಾಲೆಯಲ್ಲಿ ಕೂತಿದ್ದ. ನಾನು ಅವನನ್ನು ಅಲ್ಲಲ್ಲದೆ ಬೇರೆಲ್ಲೂ ಕಂಡಿರಲಿಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಮೌನಪ್ಪನ ತಂದೆಯಿಂದ ಕಟ್ಟಿಸಿದ ಪಡಸಾಲೆ ಅದು. ನಾಲ್ಕು ಕಂಬ, ಕಲ್ಲಿನ ಚಾವಣಿ, ಚಂದವಾಗಿತ್ತು. ಬಾಳಪ್ಪ ಸಂತೆಗೂ ಹೋಗುವವನಲ್ಲ, ಮದುವೆ ಮುಂಜಿಗೂ ಹೋಗುವವನಲ್ಲ. ಊಟ ಅಲ್ಲಿ, ನಿದ್ದೆ ಅಲ್ಲಿ. ಸ್ನಾನಕ್ಕೋ ಹಿತ್ತಲಿಗೋ ಏಳಬೇಕಾದರೆ ನೀಲವ್ವ ಬಂದು ಕೂತ ಮೇಲೆ ಏಳುತ್ತಿದ್ದ. ಗಂಡನ ಮೇಲೆ ಅಷ್ಟು ಪ್ರೀತಿ ಎಂದು ಊರು ನಗುತ್ತಿತ್ತು.

"ಏನ್ ಬಾಳಪ್ಪಣ್ಣ, ಬುಡಕ್ಕ ಗಾರಿ ಹತ್ತೈತೇನು?" ಎಂದು ನೀರಿಗೆ ಹೊರಟ ಹೆಂಗಸೊಬ್ಬಳು ಕೇಳುತ್ತಿದ್ದಳು.

"ಹತ್ತೈತಿ ನೋಡವ್ವ. ನಿನ್ನ ಗಂಡಗ ಹಾರಿ ತಗೊಂಡು ಬಾ ಅಂತ ಹೇಳು, ಕೀಳಲಿ" ಎಂದು ಅವನು ನಗುತ್ತಿದ್ದ. ನಗುವಾಗಲೂ ಅವನ ಅಂಗೈ ಕಲ್ಲಿನ ಅಂಚಿನ ಮೇಲಿರುತ್ತಿತ್ತು. ನಾನು ಅದನ್ನು ಬರೆದುಕೊಂಡಿದ್ದೆ, ಬರೆದುಕೊಂಡೂ ಓದಿರಲಿಲ್ಲ.

ಕಟ್ಟೆ ಮುಗಿದ ದಿನ ಊರೇ ಬಂದು ನೋಡಿತು. ಎಲ್ಲಿ ಹಳೆಯದು ಮುಗಿಯಿತು, ಎಲ್ಲಿ ಹೊಸದು ಸುರುವಾಯಿತು ಎಂದು ಕಣ್ಣಿಗೆ ಹೇಳಲಾಗುತ್ತಿರಲಿಲ್ಲ. ಗೋಡೆಯ ಎರಡು ತುದಿಗಳಲ್ಲಿ ಮಾತ್ರ ನಾಲ್ಕು ನಾಲ್ಕು ಬೆರಳಿನಷ್ಟು ಜಾಗ ಉಳಿದಿತ್ತು. ಗೋಡೆ ಎರಡು ಕೋಲು ಉದ್ದವೆಂದು ಮನೆಯವರೆಲ್ಲ ಬಲ್ಲರು, ಕಟ್ಟೆಯನ್ನೂ ಎರಡು ಕೋಲು ಉದ್ದವೇ ಕಟ್ಟಿದ್ದು. ಮೌನಪ್ಪ ಆ ತೆರವುಗಳನ್ನು ಒಮ್ಮೆ ನೋಡಿ, "ಕಲ್ಲು ಉಸಿರಾಡಾಕ ಜಾಗ ಬೇಕಲ್ಲರಿ" ಎಂದ. ಅವನ ತಂದೆಯೂ ಪಡಸಾಲೆಯ ತುದಿಯ ಇಂಥದೇ ಜಾಗಕ್ಕೆ ಅದೇ ಮಾತು ಹೇಳಿದ್ದನಂತೆ. ಅಲ್ಲಿ ಈಗ ನೀಲವ್ವ ಪೊರಕೆ ನಿಲ್ಲಿಸುತ್ತಿದ್ದಳು.

ನನಗೊಂದು ದುರಭ್ಯಾಸವಿದೆ. ಹಾಡು ಹೇಳಿದವಳ ಬೀಸುವ ಕಲ್ಲನ್ನೂ ಟೇಪು ಹಿಡಿದು ಅಳೆದು ಬರೆದುಕೊಳ್ಳುತ್ತೇನೆ. ಕಟ್ಟೆ ಮುಗಿದ ಎರಡನೆಯ ದಿನ, ಮೌನಪ್ಪ ಇನ್ನೂ ಮರಳಿಸಿರದ ಮನೆಗೋಲು, ಗೋಡೆ, ಕಟ್ಟೆ, ಪಡಸಾಲೆ ನಾಲ್ಕನ್ನೂ ಅಳೆದೆ. ಮೊಳಕ್ಕೆ ಇಪ್ಪತ್ತನಾಲ್ಕು ಬೆರಳಿನಂತೆ ಕೋಲು ತೊಂಬತ್ತಾರು ಬೆರಳು ಇರಬೇಕು, ತೊಂಬತ್ತೆರಡು ಇತ್ತು. ಗೋಡೆ, ಬಾಗಿಲು, ಒಳಕಂಬ ಎಲ್ಲವೂ ತೊಂಬತ್ತಾರರ ಲೆಕ್ಕಕ್ಕೆ ಕೂಡುತ್ತಿದ್ದವು. ಕಟ್ಟೆ ಮತ್ತು ಪಡಸಾಲೆ ಎರಡೇ ತೊಂಬತ್ತೆರಡರವು. ಹಾಳೆಯ ಮೇಲೆ ಅದು ಕಣ್ಣು ಕುಕ್ಕುವಂತಿತ್ತು. ನಾನು ಸುಮ್ಮನಿದ್ದೆ. ಹೊರಗಿನವನು ಮನೆಗೋಲನ್ನು ಅನುಮಾನಿಸುವುದು ಹೇಗೆ ಎಂದು ಒಂದು ಕಾರಣ. ಏನಾಗುತ್ತದೋ ನೋಡೋಣ ಎಂಬುದು ಇನ್ನೊಂದು. ಎರಡನೆಯದೇ ನಿಜವಾದ ಕಾರಣ.

ಕಾಶವ್ವ ದಿನವೂ ಬೆಳಿಗ್ಗೆ ಸ್ನಾನ ಮಾಡಿ, ಒಂದು ವೀಳ್ಯದೆಲೆ ಹಿಡಿದು ಹೋಗುತ್ತಿದ್ದಳು. ಕಟ್ಟೆಗೂ ಗೋಡೆಗೂ ನಡುವಿನ ಸಂದಿಗೆ ಎಲೆಯ ತುದಿ ಮುಟ್ಟಿಸಿ, ಹಾಯಲಿಲ್ಲವೆಂದು ಕಂಡು, ಆ ಎಲೆಯನ್ನೇ ಬಾಯಿಗೆ ಹಾಕಿಕೊಂಡು ಪಡಸಾಲೆಯ ಎದುರು ನಿಲ್ಲುತ್ತಿದ್ದಳು.

"ನಿಂತೈತೇನಕ್ಕ?" ಎಂದು ಬಾಳಪ್ಪ ಕೇಳುತ್ತಿದ್ದ.

"ನಿಂತೈತೋ ಬಾಳ್ಯಾ."

"ನಿಂದರತೈತಿ ತಗೋ" ಎನ್ನುತ್ತಿದ್ದ ಅವನು. ಹೇಳುವಾಗ ಅಕ್ಕನ ಮುಖ ನೋಡುತ್ತಿರಲಿಲ್ಲ, ಕಟ್ಟೆ ಇರುವ ಮಗ್ಗುಲಿಗೆ ನೋಡುತ್ತಿದ್ದ. ಅವನಿಗೂ ಅದು ನಿಲ್ಲಬೇಕಿತ್ತು ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಅವನಿಗೆ ಯಾಕೆ ಬೇಕಿತ್ತು ಎಂಬುದು ಮಾತ್ರ ಆಗ ತಿಳಿದಿರಲಿಲ್ಲ. ಛತ್ರಕ್ಕೆ ಮರಳಿದ ಮೇಲೆ ಕಾಶವ್ವ ತಾನು ಒಳಗೆ ಹೋದ ಮೊದಲ ದಿನ ಏನು ಮಾಡಬೇಕೆಂದು ಯೋಚಿಸುತ್ತಿದ್ದಳು. ಅಡುಗೆ ಮಾಡಬಾರದು ಎಂದು ನಿಶ್ಚಯಿಸಿದ್ದಳು. ಗೋಡೆಗೆ ಒರಗಿ ಕೂತಿರಬೇಕು, ಯಾರಾದರೂ ಬಡಿಸಬೇಕು.

ಹದಿನೇಳನೆಯ ದಿನ ಸಂದಿನಲ್ಲಿ ಅವಳದೇ ಒಂದು ನರೆಗೂದಲು ಹಾಯಿತು. ಇಪ್ಪತ್ತಮೂರನೆಯ ದಿನ ಎಲೆ ಹಾಯಿತು. ಆಕೆ ಆ ಎಲೆಯನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ, ಛತ್ರದ ತನಕ ಹಿಡಿದುಕೊಂಡೇ ಬಂದಳು. ಮೌನಪ್ಪ ಹಿಂದೆಯೇ ಬಂದ. ಕಲ್ಲು ಅದೇ, ಬೂದಿ ಅದೇ, ಹೂವು ಅದೇ, ಎಂದು ಒಂದೊಂದಾಗಿ ಬೆರಳು ಮಡಿಸಿ, ಕೊನೆಗೆ, "ನನ್ನ ಕೈಯೇ ಸರಿ ಇಲ್ಲೇನೋ ಅಕ್ಕಾರ" ಎಂದ.

"ನಿನ್ನ ಕೈಗೆ ಏನಾಗೇತಪ್ಪ. ಮನಿಗೇ ನಾ ಬ್ಯಾಡಾಗಿರಬೇಕು" ಎಂದಳು ಕಾಶವ್ವ. "ಹೋಗುವಾಗ ಹೇಳಿ ಹೋಗಿದ್ದಿಲ್ಲ ನಾನು. ಗ್ವಾಡಿಗೂ ನೆನಪಿರತೈತಿ."

ಆ ಮಾತು ಕೇಳಿದ ಮೇಲೆ ಸುಮ್ಮನಿರಲಾಗಲಿಲ್ಲ. ಪುಸ್ತಕ ತೆರೆದು ಅಳತೆಯ ಹಾಳೆ ತೋರಿಸಿದೆ. ನಿಮ್ಮದೇನೂ ತಪ್ಪಿಲ್ಲ, ಕೋಲು ನಾಲ್ಕು ಬೆರಳು ಗಿಡ್ಡವಾಗಿದೆ, ಕಟ್ಟೆಯೂ ಪಡಸಾಲೆಯೂ ಅದರ ತೊಂಬತ್ತೆರಡರ ಅಳತೆಯವೇ ಎಂದೆ. ಮೌನಪ್ಪ ಕಿವಿ ಮುಚ್ಚಿಕೊಂಡ. ಕಾಶವ್ವ ಮಾತ್ರ ನನ್ನನ್ನೇ ನೋಡುತ್ತ, "ಎಷ್ಟು ಬೆರಳು?" ಎಂದಳು.

"ನಾಲ್ಕು."

ಅವಳು ನಗತೊಡಗಿದಳು. ಎಷ್ಟು ನಕ್ಕಳೆಂದರೆ ಅಡುಗೆಯವನು ಹೊರಗೆ ಬಂದು ನೋಡಿದ. ಆಮೇಲೆ ಕಣ್ಣೊರೆಸಿಕೊಂಡು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆದುಕೊಂಡಿದ್ದೇನೆ: "ಚಿಣ್ಣಿರಿ ಮಾಸ್ತರ. ಚಿಣ್ಣಿ. ನನಗ ಹತ್ತು ವರ್ಷ, ಬಾಳ್ಯಾಗ ಏಳು. ಚಿಣ್ಣಿದಾಂಡು ಆಡಾಕ ಗಟ್ಟಿ ಚಿಣ್ಣಿ ಬೇಕಾಗಿತ್ತು, ಬೇವಿನದು ಎರಡು ಏಟಿಗೆ ಸೀಳತಿತ್ತು. ದೇವರ ಮಾಡದಾಗಿನ ಕೋಲು ಬೀಟಿ ಕಟಗೀದು. ಅವ ಹಿಡಕೊಂಡ, ನಾ ಕುಡಗೋಲಿನಿಂದ ಕೊಯ್ದೆ. ನಾಲ್ಕು ಬೆರಳು ಅಳದೇ ಕೊಯ್ದಿದ್ದೆ. ಕೊಯ್ದ ತುದಿಗೆ ಅರಿಸಿನ ಕುಂಕುಮ ಮೆತ್ತಿ ಇಟ್ಟೆವು. ಅವ್ವ ಸಾಯೂತನಕ ಪೂಜಾ ಮಾಡಿದಳು, ಗೊತ್ತಾಗಲಿಲ್ಲ. ಏನು ಹಾರತಿತ್ತು ಗೊತ್ತೇನ್ರಿ ಆ ಚಿಣ್ಣಿ. ಕೆರಿ ಏರಿ ದಾಟತಿತ್ತು."

ಹೇಳಿ ಮುಗಿಸಿದ ಮೇಲೆ ನಗು ನಿಂತಿತು. ಅವಳು ಕೈಯಲ್ಲಿದ್ದ ಎಲೆಯನ್ನು ನೋಡಿದಳು. "ಪಡಸಾಲೀನೂ ತೊಂಬತ್ತೆರಡರದೇ ಅಂದ್ರೆಲ್ಲ?" ಎಂದು ಕೇಳಿದಳು. ಹೌದೆಂದೆ. ಅವಳು ಎದ್ದು ನಡೆದಳು. ಮೌನಪ್ಪನೂ ನಾನೂ ಹಿಂದೆ ಹೋದೆವು.

ಮಧ್ಯಾಹ್ನದ ಊಟ ಮುಗಿಸಿ ಬಾಳಪ್ಪ ಅಡಿಕೆ ಕತ್ತರಿಸುತ್ತಿದ್ದ. ಕಾಶವ್ವ ಪಡಸಾಲೆಯ ಮಗ್ಗುಲಿಗೆ ಹೋಗಿ, ಪೊರಕೆ ಸರಿಸಿ, ಬಗ್ಗಿ, ಪಡಸಾಲೆಗೂ ಗೋಡೆಗೂ ನಡುವೆ ಎಲೆ ತೂರಿಸಿದಳು. ಮೇಲೆ ಸುಣ್ಣ ಬಳಿದಿದ್ದ ತೆಳ್ಳನೆಯ ಪದರ ಕಳಚಿ ಬಿತ್ತು. ಎಲೆ ತೊಟ್ಟಿನ ತನಕ ಒಳಗೆ ಹೋಯಿತು. ಬಾಳಪ್ಪ ಅಡಕತ್ತರಿ ಕೆಳಗಿಟ್ಟ. ಬಾಗಿಲಲ್ಲಿ ನಿಂತಿದ್ದ ನೀಲವ್ವ ಸೆರಗನ್ನು ಬಾಯಿಗೆ ಹಿಡಿದಳು.

"ಎಷ್ಟು ವರ್ಷಾತು?" ಎಂದಳು ಕಾಶವ್ವ.

"ಕಟ್ಟಿದ ವರ್ಷನೇ ಕೂದಲು ಹಾದಿತ್ತು."

"ಅವತ್ತಿಂದ ಕೂತೀ?"

"ಕೂತೀನಿ. ನಾ ಎದ್ದ್ರ ಇಕಿ ಕೂಡ್ತಾಳ."

ಕಾಶವ್ವ ಎಲೆಯನ್ನು ಎಳೆದುಕೊಂಡು ಅವನ ಎದುರಿಗೆ ಬಂದಳು. "ಚಿಣ್ಣಿ ನೆನಪಿತ್ತೇನೋ ನಿನಗ?"

ಬಾಳಪ್ಪ ತಲೆ ತಗ್ಗಿಸಿದ. "ಇತ್ತು."

"ಮತ್ತ, ಕೋಲು ಕೊಟ್ಟು ಕಳಿಸೀದೆಲ್ಲ. ಬಾಯಿ ಬಿಡಲಿಲ್ಲಲ್ಲ."

"ನಿಂದು ನಿಂತ್ರ ನೋಡೂಣು ಅಂದ್ಕೊಂಡೆ ಅಕ್ಕ" ಎಂದ. "ಹತ್ತೊಂಬತ್ತು ವರ್ಷದಾಗ ಒಂದೇ ಯೋಚನಿ. ಕೋಲಿನ ತಪ್ಪೋ, ನನ್ನ ತಪ್ಪೋ. ಅದೇ ಕೋಲಿನ ಕಟ್ಟಿ ನಿನಗ ನಿಂತ್ರ, ಮನಿಗೆ ಬ್ಯಾಡಾದವ ನಾನೇ ಅಂತ ಗೊತ್ತಾಗತಿತ್ತು. ಸರದ್ರ, ಕೋಲಿನ ತಪ್ಪು. ಯಾವುದಾರ ಒಂದು ಗೊತ್ತಾದ್ರ ಸಾಕಾಗಿತ್ತು ನನಗ."

ಮೌನಪ್ಪ ನಡುವೆ ಬಾಯಿ ಹಾಕಿ, ಒಡೆದು ಮತ್ತೆ ಕಟ್ಟೋಣ, ಈಗ ಅಳತೆ ಗೊತ್ತಾಯಿತಲ್ಲ ಎಂದ. ಹೇಳುತ್ತಿದ್ದಂತೆ ಅವನಿಗೇ ತಿಳಿಯಿತು. ಒಂಬತ್ತೂ ಚಪ್ಪಡಿ ಕಡಿದಾಗಿತ್ತು.

"ಕಡದ ಕಲ್ಲು ಬೆಳೀತೈತೇನೋ ಮೌನಪ್ಪ" ಎಂದಳು ಕಾಶವ್ವ. ತಮ್ಮನಿಗೆ ಮತ್ತೇನೂ ಹೇಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ನೀಲವ್ವ ಆಮೇಲೆ ನನ್ನೊಡನೆ ಹೇಳಿದಳು. ಬೈಯದೆ ಹೋದದ್ದಕ್ಕೆ ಅವನು ಎರಡು ದಿನ ಉಣ್ಣಲಿಲ್ಲವಂತೆ.

ಊರವರು ಕಾಶವ್ವನಿಗೆ ಉಪಾಯ ಹೇಳಿದರು. ನಲವತ್ತೆಂಟು ದಿನದ ನೇಮ ಹೇಗೂ ಕೆಟ್ಟಿತು, ಹೋಗಿ ಕೂತುಬಿಡು, ಕಟ್ಟೆಯಾದರೂ ಉಳಿಯುತ್ತದೆ, ಮನೆಯ ಮಗ್ಗುಲಲ್ಲೇ ಇದ್ದಂತಾಗುತ್ತದೆ. ಅವಳು ಒಪ್ಪಲಿಲ್ಲ. "ಹಿಡಕೊಂಡು ಕೂಡಾಕ ಅದೇನು ದನಾ ಏನ್ರಿ" ಎಂದಳು. ದಿನವೂ ಹೋಗಿ ಸಂದಿಯನ್ನು ನೋಡಿ ಬರುತ್ತಿದ್ದಳು, ಈಗ ಎಲೆ ಒಯ್ಯುತ್ತಿರಲಿಲ್ಲ. ಬಾಳಪ್ಪನೂ ಏನೂ ಕೇಳುತ್ತಿರಲಿಲ್ಲ.

ಮೂವತ್ತೊಂದನೆಯ ದಿನ ಬೆಳಿಗ್ಗೆ ಸಂದು ಬಾಗಿಲಿನಷ್ಟು ಅಗಲವಾಗಿತ್ತು. ಕಟ್ಟೆ ಬೀದಿಗೆ ಇಳಿಯುವ ಹೊತ್ತಿಗೆ ಮನೆಯವರು ಹೊರಗೆ ಬಂದು ಅದಕ್ಕೆ ಬೆನ್ನು ತಿರುಗಿಸಿ ನಿಲ್ಲುವುದು ಆ ಊರಿನ ಪದ್ಧತಿ. ಅದು ಅವಮಾನವಲ್ಲ, ಮರ್ಯಾದೆ. ಹೋಗುವುದನ್ನು ನೋಡಿ ಅದಕ್ಕೆ ನಾಚಿಕೆಯಾಗಬಾರದು. ಅಕ್ಕಪಕ್ಕದವರೂ ಕತ್ತು ತಿರುಗಿಸಿದರು, ಎತ್ತಿನ ಗಾಡಿಯೊಂದು ಪಕ್ಕಕ್ಕೆ ನಿಂತಿತು. ಕಾಶವ್ವ ಒಬ್ಬಳೇ ಬೆನ್ನು ತಿರುಗಿಸಲಿಲ್ಲ. ಛತ್ರದಿಂದ ಗಂಟು ತಂದಿದ್ದಳು. ಅದನ್ನು ತಲೆಯ ಮೇಲಿಟ್ಟುಕೊಂಡು, ಕದಲುವುದು ಕಾಣದಿದ್ದರೂ ಪ್ರತಿ ಸಲ ಇನ್ನಷ್ಟು ಮುಂದೆ ಕಾಣುತ್ತಿದ್ದ ಕಟ್ಟೆಯ ಹಿಂದೆ ನಡೆದಳು. ಹಾಗೆ ಯಾರೂ ಹಿಂದೆ ಹೋದದ್ದಿಲ್ಲವೆಂದು ಮೌನಪ್ಪ ಹೇಳಿದ.

ನಾನು ಹೊರಗಿನವನು, ನನಗೆ ಬೆನ್ನು ತಿರುಗಿಸುವ ಹಕ್ಕೂ ಇರಲಿಲ್ಲ. ಆದ್ದರಿಂದ ಬಾಳಪ್ಪನನ್ನು ಕಂಡೆ. ಅವನು ಪಡಸಾಲೆಯಲ್ಲಿ ಚಕ್ಕಳಮಕ್ಕಳ ಹಾಕಿ, ಪದ್ಧತಿಯಂತೆ ಗೋಡೆಗೆ ಮುಖ ಮಾಡಿದ್ದ. ಅಂಗೈ ಕಲ್ಲಿನ ಮೇಲಿತ್ತು. ಕಾಶವ್ವನ ಹೆಜ್ಜೆಯ ಸದ್ದು ಅವನನ್ನು ದಾಟಿ ಓಣಿಯ ತಿರುವು ಮುಟ್ಟಿತು. ಅವನು ಅಂಗೈ ಎತ್ತಿದ. ನೋಡಿದ. ಎದ್ದ.

ನೀಲವ್ವ ರೂಢಿಯಂತೆ ಓಡಿ ಬಂದಳು ಕೂರಲಿಕ್ಕೆ. ಅರ್ಧ ಬಗ್ಗಿದವಳು ಹಾಗೇ ನಿಂತಳು.

"ಕೂಡಬ್ಯಾಡೇನು?" ಎಂದು ಗಂಡನನ್ನು ಕೇಳಿದಳು.

"ನಿನಗ ಹೆಂಗ ಅನಸ್ತೈತಿ?"

"ನನ್ನ ತಂಗಿ ಮದುವಿಗೆ ಇಬ್ಬರೂ ಕೂಡಿ ಹೋಗಲಿಲ್ಲ ನಾವು" ಎಂದಳು ನೀಲವ್ವ. ಆಮೇಲೆ ನೆಟ್ಟಗಾಗಿ, ಸೆರಗು ಸಿಕ್ಕಿಸಿಕೊಂಡು ಕೆಳಗಿಳಿದಳು. ಇಳಿಯುವಾಗ ಪೊರಕೆ ಎತ್ತಿಕೊಂಡಳು.

ಉಳಿದ ಕಟ್ಟೆಗಳು ವಾರಗಟ್ಟಲೆ ತೆಗೆದುಕೊಳ್ಳುವ ದಾರಿಯನ್ನು ಆ ಪಡಸಾಲೆ ಒಂದು ದಿನದಲ್ಲಿ ನಡೆಯಿತು. ಹತ್ತೊಂಬತ್ತು ವರ್ಷ ತಡೆದು ನಿಲ್ಲಿಸಿದ ನಡಿಗೆ ಅದು. ಕಾಶವ್ವನ ಕಟ್ಟೆಯೂ ಪಡಸಾಲೆ ತನ್ನ ಬೆನ್ನಿಗೆ ಬರುತ್ತಿದೆ ಎಂದು ತಿಳಿದಂತೆ ಅಂದೇ ಊರು ದಾಟಿತು. ಮನೆಯ ಗೋಡೆಯಲ್ಲಿ ಎರಡು ಕಡೆ ಬಿಳಿಯ ಗುರುತು ಮಾತ್ರ ಉಳಿಯಿತು. ಬಾಗಿಲು ನೇರ ಬೀದಿಗೆ ತೆರೆದುಕೊಂಡಿತು.

ಮರುದಿನ ಬೆಳಿಗ್ಗೆ ನಾನು ಕಟ್ಟೆಬಯಲಿಗೆ ಹೋದಾಗ ಅರವತ್ತಮೂರು ಎಣಿಸಬೇಕಿತ್ತು. ಎರಡು ಸಲ ಎಣಿಸಿದೆ, ಅರವತ್ತೆರಡೇ ಬಂತು. ಬಯಲಿನ ಆ ತುದಿಯಲ್ಲಿ ಪಡಸಾಲೆಯೂ ಕಟ್ಟೆಯೂ ಮಗ್ಗುಲು ಸೇರಿಸಿ ನಿಂತಿದ್ದವು, ಒಂದೇ ಆಗಿ. ನೇರಳೆ ಗೆರೆ ಒಂದರ ಕಲ್ಲಿನಿಂದ ಇನ್ನೊಂದಕ್ಕೆ ತಡೆಯಿಲ್ಲದೆ ಹಾದುಹೋಗಿತ್ತು. ಅಷ್ಟು ಕಟ್ಟೆಗಳ ನಡುವೆ ಒಂದೇ ಅಳತೆಯಲ್ಲಿ ತಪ್ಪಿದವು ಇವೆರಡೇ. ಕಾಶವ್ವ ಮೂರು ಕಲ್ಲಿಟ್ಟು ಒಲೆ ಹೂಡಿದ್ದಳು. ನೀಲವ್ವ ಅವಳನ್ನು ಎಬ್ಬಿಸಿ, ದೂರ ಬಾಳಪ್ಪನ ಮಗ್ಗುಲಿಗೆ ಕೂರಿಸಿ, ರೊಟ್ಟಿ ಬಡಿಯುತ್ತಿದ್ದಳು.

"ಎಲಿ ತಂದೀರೇನು ಮಾಸ್ತರ?" ಎಂದಳು ಕಾಶವ್ವ. ತಂದಿದ್ದೆ. ಎರಡರ ಸಂದಿಗೆ ಎಲೆಯ ತುದಿ ಮುಟ್ಟಿಸಿದೆ. ಹಾಯಲಿಲ್ಲ. ಅವಳು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಬಾಯಿಗೆ ಹಾಕಿಕೊಂಡಳು.

ಊಟವಾದ ಮೇಲೆ ಬಾಳಪ್ಪ ಎದ್ದ. ಸಂತೆ ನೋಡಿ ಬರುತ್ತೇನೆ ಎಂದ. ಅಂದು ಸಂತೆಯ ದಿನವಲ್ಲ, ಆದರೂ ಯಾರೂ ಹೇಳಲಿಲ್ಲ. ಹತ್ತು ಹೆಜ್ಜೆ ಹೋಗಿ ತಿರುಗಿ ನೋಡಿದ. ಪಡಸಾಲೆಯ ಮೇಲೆ ಯಾರ ಭಾರವೂ ಇರಲಿಲ್ಲ. ನಿಂತೇ ಇತ್ತು. ಇನ್ನು ಇಪ್ಪತ್ತು ಹೆಜ್ಜೆ ಹೋಗಿ ಮತ್ತೆ ತಿರುಗಿದ. ಆಮೇಲೆ ಹೆಂಡತಿಯನ್ನು ಕೂಗಿದ. ನೀಲವ್ವ ಕೈ ತೊಳೆದುಕೊಂಡು ಅವನನ್ನು ಕೂಡಿಕೊಂಡಳು. ಬಯಲಿನ ಅಂಚಿನಲ್ಲಿ ಇನ್ನೊಮ್ಮೆ ನಿಂತು ನೋಡಿದರು. ಅಲ್ಲಿಂದ ಮುಂದೆ ನೋಡಲಿಲ್ಲ.

"ಹೋಗಲಿ ಬಿಡ್ರಿ" ಎಂದಳು ಕಾಶವ್ವ. "ಉಣ್ಣೂ ಹೊತ್ತಿಗೆ ಬರತಾರ."

ನಾನು ಆ ಮಧ್ಯಾಹ್ನವೇ ಊರು ಬಿಟ್ಟೆ. ಗಾಡಿ ಬಯಲನ್ನು ಸುತ್ತಿಕೊಂಡು ದಿನ್ನೆ ಏರುವಾಗ ಅವಳು ಕಂಡಳು. ಅವಳ ಹಿಂದೆ ಗೋಡೆಯಿರಲಿಲ್ಲ, ಸುತ್ತ ಅರವತ್ತೊಂದು ಕಟ್ಟೆಗಳು ಎತ್ತೆತ್ತಲೋ ಮುಖ ಮಾಡಿ ನಿಂತಿದ್ದವು. ಕೂಡಿದ ಕಟ್ಟೆಯ ಊರಿನ ಕಡೆಯ ಅಂಚಿನಲ್ಲಿ ಅವಳೊಬ್ಬಳೇ ಕೂತಿದ್ದಳು, ಎರಡೂ ಕೈ ಮಡಿಲಲ್ಲಿ, ಕಾಲು ಇಳಿಬಿಟ್ಟುಕೊಂಡು.